ಮಾಸ್ಟರ ಕಾಲರ್ ಗುಂಡಿ

ಆ ಬೀದಿಯಲ್ಲಿ ಶರ್ಟಿನ ಕತ್ತಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು ಓಡಾಡುವವರೆಂದರೆ ಟೈಲರ್ ಮಾಸ್ಟರು ಒಬ್ಬರೇ. ಸುಡುಬಿಸಿಲಿರಲಿ, ಕರೆಂಟು ಹೋಗಿ ಫ್ಯಾನು ನಿಂತಿರಲಿ, ಅವರ ಮೇಲಿನ ಗುಂಡಿ ಬಿಚ್ಚಿದ್ದನ್ನು ಕಂಡವರಿಲ್ಲ. "ದರ್ಜಿಯ ಕತ್ತೇ ಅವನ ಅಂಗಡಿ ಬೋರ್ಡು. ತನ್ನ ಕಾಲರೇ ನೆಟ್ಟಗಿಲ್ಲದವನ ಹತ್ರ ಯಾರು ಕೋಟು ಹೊಲಿಸ್ತಾರೆ?" ಎಂದು ಅವರು ಹೇಳುವುದು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಬೇಕು ಇವರಿಗೆ" ಎಂದು ಅವರ ಹೆಂಡತಿ ಹೇಳುವುದು. ಈ ಎರಡೂ ಮಾತನ್ನು ಸೊಸೆ ಮದುವೆಯಾಗಿ ಬಂದ ದಿನದಿಂದ ಕೇಳುತ್ತಲೇ ಇದ್ದಳು.

ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮೆಟ್ಟಿಲು. ಅಂಗಡಿಯ ಉದ್ದನೆಯ ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸುವುದು ಮಾಸ್ಟರ ಕೆಲಸ. ಮಿಷನ್ನಿನ ಮುಂದೆ ಮಗ. ಕಾಜಾ, ಗುಂಡಿ, ಅಂಚು ಮಡಿಸುವ ಕೈಹೊಲಿಗೆ ಸೊಸೆಯದು. ಮೊದಲು ಈ ಕೈಹೊಲಿಗೆ ಅತ್ತೆಯದಾಗಿತ್ತು. ಕಣ್ಣು ಮಂಜಾಗತೊಡಗಿದ ಮೇಲೆ ಅವರು ಸೂಜಿ ಕೆಳಗಿಟ್ಟು ಸೌಟು ಹಿಡಿದರು. ಮೊಮ್ಮಗಳನ್ನು ಎಲ್ಲರೂ ಬಾಬಿನ್ ಎಂದೇ ಕರೆಯುತ್ತಾರೆ. ಚಿಕ್ಕವಳಿದ್ದಾಗ ಮಿಷನ್ನಿನ ದಾರದ ಬಾಬಿನ್ನಿನಂತೆ ನಿಂತಲ್ಲೇ ಗಿರಗಿರ ತಿರುಗುತ್ತಿದ್ದಳೆಂದು ಬಂದ ಹೆಸರು. ಈಗ ಕಾಲೇಜಿಗೆ ಹೋಗುತ್ತಾಳೆ, ತಿರುಗುವುದು ನಾಲಿಗೆ ಮಾತ್ರ.

ಸೊಸೆ ಈ ಮನೆಗೆ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸಲೂ ಸರಿಯಾಗಿ ಬರುತ್ತಿರಲಿಲ್ಲ. ಮಾಸ್ಟರು ಚಿಂದಿ ಬಟ್ಟೆಯ ಒಂದು ಮೂಟೆಯನ್ನೇ ಅವಳ ಮುಂದಿಟ್ಟು, "ಹಾಳು ಮಾಡಮ್ಮ. ಕೈ ಕೂರೋ ತನಕ ಹಾಳು ಮಾಡು, ಯಾರೂ ಕೇಳಲ್ಲ" ಎಂದಿದ್ದರು. ಹೊಗಳಿಕೆ ಅವರ ಬಾಯಲ್ಲಿ ಬರುವುದಿಲ್ಲ. ತುಂಬ ಚೆನ್ನಾದರೆ "ನಡೀತದೆ" ಎನ್ನುತ್ತಾರೆ. ಆದರೂ ಹುಟ್ಟಿದ ಮನೆಯಲ್ಲಿ ಬೈಗುಳ ತಿಂದೇ ಬೆಳೆದ ಆ ಹುಡುಗಿಗೆ ಅಂದು ಸಿಕ್ಕಿದ್ದು ಒಬ್ಬ ತಂದೆ. ಅದನ್ನು ಅವಳು ಯಾರಿಗೂ ಹೇಳಿಲ್ಲ, ಮರೆತೂ ಇಲ್ಲ.

ಕಾಯಿಲೆ ಪತ್ತೆಯಾದದ್ದು ಕೆಲವು ವರ್ಷಗಳ ಹಿಂದೆ, ಬೇರೆ ಯಾವುದಕ್ಕೋ ಕೊಟ್ಟ ರಕ್ತದಲ್ಲಿ. ಬಿಳಿ ಕಣಗಳು ಹೆಚ್ಚಾಗಿವೆ, ಇದು ಒಂದು ಬಗೆಯ ರಕ್ತದ ಕ್ಯಾನ್ಸರು, ಆದರೆ ನಿಧಾನದ್ದು, ಸದ್ಯಕ್ಕೆ ಔಷಧಿ ಬೇಡ, ನೋಡುತ್ತಾ ಇರೋಣ ಎಂದರು ಡಾಕ್ಟರಮ್ಮ. ಕ್ಯಾನ್ಸರು ಅಂದ ಬಾಯಲ್ಲೇ ಔಷಧಿ ಬೇಡ ಅಂದದ್ದು ಅತ್ತೆಗೆ ಅರಗಲಿಲ್ಲ. "ಕಳ್ಳ ಮನೆಯೊಳಗೆ ಕೂತಿದಾನೆ, ಪೊಲೀಸು ಬಾಗಿಲಲ್ಲಿ ನಿಂತ್ಕೊಂಡು ನೋಡ್ತಾ ಇರೋಣ ಅಂತಾನೆ" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಕಳ್ಳನೂ ಪಾಪ, ಬಹಳ ದಿನ ಮೂಲೆಯಲ್ಲಿ ಸುಮ್ಮನೆ ಕೂತಿದ್ದ. ಮಾಸ್ಟರು ಕತ್ತರಿಸಿದರು, ಬೈದರು, ಉಂಡರು, ಮಲಗಿದರು.

ಹೋದ ವರ್ಷ ಬೇಸಿಗೆಯಲ್ಲಿ ಕಳ್ಳ ಎದ್ದ. ಕತ್ತಿನ ಎರಡೂ ಕಡೆ ನಿಂಬೆಹಣ್ಣಿನ ಗಾತ್ರದ ಗಂಟು ಎದ್ದವು. ರಾತ್ರಿ ಮೈ ಬೆವರಿ ಹಾಸಿಗೆ ತೊಯ್ದು ತೊಪ್ಪೆಯಾಗುತ್ತಿತ್ತು. ಬೆಳಗಾದರೆ ಸೊಸೆ ಹೊದಿಕೆ, ದಿಂಬಿನ ಚೀಲ ಎಲ್ಲ ಒಗೆದು ತಾರಸಿಯಲ್ಲಿ ಒಣಹಾಕಬೇಕು. ಒಂದು ಪ್ಯಾಂಟು ಕತ್ತರಿಸುವಷ್ಟರಲ್ಲಿ ಮಾಸ್ಟರಿಗೆ ಸ್ಟೂಲು ಬೇಕಾಗುತ್ತಿತ್ತು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯುತ್ತಿತ್ತು. ಮೈಯಲ್ಲಿ ರಕ್ತವೂ ಕಡಿಮೆಯಾಗಿದೆ, ಇನ್ನು ಕಾಯುವುದು ಬೇಡ ಎಂದು ಡಾಕ್ಟರಮ್ಮ ದಿನಾ ನುಂಗುವ ಮಾತ್ರೆ ಶುರುಮಾಡಿದರು.

ಅಂದು ಆಸ್ಪತ್ರೆಗೆ ಹೋದದ್ದು ಅಪ್ಪ, ಮಗ ಇಬ್ಬರೇ. ಸಂಜೆ ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಏನಂದ್ರು ಡಾಕ್ಟರಮ್ಮ?"

"ಏನೇನೋ ಅಂದ್ರು. ಪಾಪ, ಆಯಮ್ಮನ ಬಿಳಿ ಕೋಟಿನ ಎಡತೋಳು ತಪ್ಪಾಗಿ ಕೂತಿದೆ," ಎಂದರು ಮಾಸ್ಟರು. "ಭುಜದ ಹತ್ರ ಎರಡು ಸುಕ್ಕು. ಕೈ ಎತ್ತಿದಾಗಲೆಲ್ಲ ಇಡೀ ಕೋಟು ಮೇಲೆ ಬರ್ತದೆ. ಯಾವ ಪುಣ್ಯಾತ್ಮ ಹೊಲಿದನೋ."

"ಕಾಯಿಲೆ ವಿಷಯ ಏನಂದ್ರು ಅಂತ ಕೇಳಿದ್ದು."

"ಮಾತ್ರೆ ನುಂಗಿ ಅಂದ್ರು. ತೋಳು ಬಿಚ್ಚಿ ಮತ್ತೆ ಕೂರಿಸಿದ್ರೆ ಸರಿಹೋಗುತ್ತೆ."

ಅತ್ತೆ ಮಗನ ಕಡೆ ತಿರುಗಿದರು. ಗಾಡಿಯನ್ನು ಗೇಟಿಗೆ ಅಡ್ಡ ನಿಲ್ಲಿಸಿದ್ದೀರೆಂದು ಕಾವಲುಗಾರ ಕರೆದದ್ದರಿಂದ ಅವನು ಅರ್ಧದಲ್ಲೇ ಎದ್ದು ಹೋಗಿದ್ದನಂತೆ. ಮರಳಿ ಬಂದಾಗ ಕೇಳಿಸಿದ್ದು ಇಷ್ಟು: ಜ್ವರ ಬಂದರೆ, ಮೈ ಇಳಿದರೆ ತಿಳಿಸಬೇಕು, ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಬೇಕು.

"ಆ ಬಿಳಿ ಕಣ ಈಗ ಎಂಬತ್ತು ಸಾವಿರ ಇದೆ. ಅದು ಇಳಿದ್ರೆ ಮಾತ್ರೆ ಹಿಡೀತು ಅಂತ," ಎಂದು ಮಗ ತನ್ನದೇ ಬುದ್ಧಿಯಿಂದ ಸೇರಿಸಿದ. ಮನೆಯವರೆಲ್ಲ ಅದನ್ನು ಡಾಕ್ಟರಮ್ಮನ ಮಾತೆಂದೇ ತಿಳಿದರು.

ಇನ್ನು ಗುಂಡಿಯ ವಿಷಯ. ನಮಗೆ ನಿಮಗೆ ಮುಚ್ಚುಮರೆ ಯಾಕೆ, ನಡೆದದ್ದನ್ನು ಹೇಳಿಬಿಡುತ್ತೇನೆ. ಮಾತ್ರೆ ಶುರುವಾಗುವ ಮುಂಚೆ, ಗಂಟು ಬೆಳೆದಂತೆ ಮಾಸ್ಟರ ಕಾಲರು ಕತ್ತನ್ನು ಒತ್ತತೊಡಗಿತು. ಗುಂಡಿ ಹಾಕಲು ಅವರು ಉಸಿರು ಬಿಗಿಹಿಡಿಯುವುದನ್ನು ಅತ್ತೆ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರು. ಬಿಚ್ಚಿಡಿ ಅಂದರೆ ಕೇಳುವ ಪೈಕಿಯಲ್ಲ. ಹಾಗೆಂದು ಗಂಟು ಬೆಳೆದಿದೆ ಎಂದು ಗಂಡನಿಗೆ ಎತ್ತಿ ಹೇಳಲು ಬಾಯಿ ಬರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅತ್ತೆ ಕನ್ನಡಕ ಏರಿಸಿ, ಅವರ ಎಲ್ಲ ಶರ್ಟುಗಳ ಕತ್ತಿನ ಗುಂಡಿ ಕಿತ್ತು, ಅರ್ಧ ಬೆರಳು ಆಚೆಗೆ ಹೊಲಿದಿಟ್ಟರು. ಮರುದಿನ ಗುಂಡಿ ಸಲೀಸಾಗಿ ಬಿತ್ತು. ಮಾಸ್ಟರು ಗುಂಡಿಯ ದಾರದ ಮೇಲೆ ಬೆರಳಾಡಿಸಿ ಅಂಗಡಿಗಿಳಿದರು.

ಮಾತ್ರೆ ಶುರುವಾಗಿ ಕೆಲವು ದಿನಕ್ಕೆ, ಇಸ್ತ್ರಿ ಮಾಡುತ್ತಿದ್ದ ಸೊಸೆ ತಲೆಯೆತ್ತಿ ನೋಡಿದಾಗ, ಮೇಜಿನ ಮುಂದೆ ಬಗ್ಗಿದ್ದ ಮಾವನ ಕಾಲರಿಗೂ ಕತ್ತಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಕಂಡಿತು. ಮಾವ ಬಡವಾಗಿದ್ದಾರೆ ಎಂದುಕೊಂಡಳು. ಮೈ ಇಳಿದರೆ ತಿಳಿಸಬೇಕು ಎಂದಿದ್ದರಲ್ಲ. ಅತ್ತೆಗೆ ಕಂಡರೆ ಊಟ ಬಿಡುತ್ತಾರೆ. ಸೊಸೆ ಅಂದೇ ಮಧ್ಯಾಹ್ನ ಎಲ್ಲರೂ ಮಲಗಿದಾಗ ಗುಂಡಿಗಳನ್ನು ಕಿತ್ತು, ಅರ್ಧ ಬೆರಳು ಈಚೆಗೆ ತಂದು ಹೊಲಿದಳು. ಕಾಲರು ಮತ್ತೆ ಕತ್ತಿಗೆ ಅಂಟಿ ಕೂತಿತು.

ಒಗೆದ ಬಟ್ಟೆ ಮಡಚುವಾಗ ಅತ್ತೆಯ ಕಣ್ಣಿಗೆ ಅದು ಬಿತ್ತು. ಗುಂಡಿ ಹಳೇ ಜಾಗಕ್ಕೇ ಬಂದು ಕೂತಿದೆ. ಮುದುಕರಿಗೆ ಗೊತ್ತಾಗಿದೆ, ಹಟಕ್ಕೆ ಬಿದ್ದು ತಾವೇ ಈಚೆಗೆ ಹೊಲಿದುಕೊಂಡಿದ್ದಾರೆ, ಒಳಗೊಳಗೇ ಉಸಿರು ಕಟ್ಟಿಸಿಕೊಂಡು ತಿರುಗುತ್ತಿದ್ದಾರೆ ಎಂದುಕೊಂಡ ಅತ್ತೆ ಮತ್ತೆ ಆಚೆಗೆ ಸರಿಸಿದರು. ಕಾಲರು ಸಡಿಲವಾಯಿತು. ಸೊಸೆ ನೋಡಿದಳು, ಅಯ್ಯೋ, ಮಾವ ಇನ್ನೂ ಇಳಿದುಹೋದರು ಎಂದು ಈಚೆಗೆ ತಂದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಪಾಪದ ಗುಂಡಿ ಅತ್ತ ಹೋಯಿತು, ಇತ್ತ ಬಂತು. ಕಾಲರ್ ಪಟ್ಟಿಯಲ್ಲಿ ಸೂಜಿ ತೂತುಗಳು ಸಾಲುಗಟ್ಟಿದವು.

ತಿಂಗಳ ಪರೀಕ್ಷೆಯ ವರದಿಯನ್ನು ಮಗ ಊಟದ ಹೊತ್ತಿಗೆ ತಂದ. ಕೈ ತೊಳೆಯದೆ ಕೂತ. ಮುಖ ನೋಡಿಯೇ ಅತ್ತೆ ಸೌಟು ಕೆಳಗಿಟ್ಟರು.

"ಎಷ್ಟಿದೆ?" ಎಂದರು.

"ಒಂದು ಲಕ್ಷ ನಲವತ್ತು ಸಾವಿರ."

"ಎಂಬತ್ತರಿಂದನಾ?"

"ಹೂಂ."

ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಬಾಬಿನ್ ಮಾತ್ರ, "ತಾತ, ಇದು ಮಾರ್ಕ್ಸ್ ಆಗಿದ್ರೆ ನಿನ್ನ ಫೋಟೋ ಪೇಪರಲ್ಲಿ ಬರ್ತಿತ್ತು" ಎಂದಳು. ಅವಳ ಅಮ್ಮ ಮೇಜಿನ ಕೆಳಗೆ ಕಾಲು ಚಿವುಟಿದಳು. ಮಾಸ್ಟರು ನಕ್ಕರು. ನಕ್ಕು, ಅನ್ನ ಕಲಸಿ, ಒಂದು ತುತ್ತು ನುಂಗಿ, ನೀರು ಕುಡಿದರು.

"ಹಾಗಿದ್ರೆ ನಾಳೆಯಿಂದ ಮಾತ್ರೆ ಬೇಡ," ಎಂದರು.

"ಬೇಡ ಅಂದ್ರೆ?" ಎಂದರು ಅತ್ತೆ.

"ಬೇಡ ಅಂದ್ರೆ ಬೇಡ. ಬಟ್ಟೆ ಕತ್ತರಿಸದ ಕತ್ತರಿ ಇಟ್ಕೊಂಡು ಏನು ಮಾಡೋದು?"

"ಮೊಂಡಾದ್ರೆ ಸಾಣೆ ಹಿಡಿಸ್ತೀರೋ, ಬೀದಿಗೆ ಎಸೀತೀರೋ?"

"ಅಪ್ಪ, ನಾನು ಬೇರೆ ಡಾಕ್ಟರನ್ನ ವಿಚಾರಿಸ್ತೀನಿ," ಎಂದ ಮಗ. "ಇದು ಸೊನ್ನೆಗೆ ಬರಲೇಬೇಕು. ಸೊನ್ನೆ ಮಾಡೋರು ಯಾರಾದ್ರೂ ಇದ್ದೇ ಇರ್ತಾರೆ."

"ನೀನು ಸೊನ್ನೆ ಮಾಡಿದ್ದು ಸ್ಕೂಲಲ್ಲೇ ನೋಡಿದೀನಿ. ಸುಮ್ನೆ ಉಣ್ಣು."

"ಎಲ್ಲದಕ್ಕೂ ತಮಾಷೆ ನಿಮಗೆ," ಅತ್ತೆಯ ದನಿ ಏರಿತು. "ಮಾತ್ರೆ ಬಿಟ್ಟು ಏನು ಮಾಡ್ತೀರ? ಕಳ್ಳನಿಗೆ ಹಾಸಿಗೆ ಹಾಸಿ ಕೊಡ್ತೀರಾ?"

"ಹಾಸಿಗೆ ಹಾಸೋಕೆ ಅವನು ನನ್ನನ್ನ ಕೇಳ್ತಾನೇನು? ಕೇಳೇ ಇವಳೇ, ನನಗೆ ಗೊತ್ತಾಗಿದೆ. ಈ ಕಾಗದ ನೋಡಿ ಮಾತ್ರ ಹೇಳ್ತಿಲ್ಲ. ನನಗೆ ಬೇರೆ ಸಾಕ್ಷಿಯೂ ಇದೆ."

ಏನು ಸಾಕ್ಷಿ ಎಂದು ಅವರು ಬಿಡಿಸಿ ಹೇಳಲಿಲ್ಲ. ಮಾಸ್ಟರು ಒಂದು ಮಾತು ಆಡಿದರೆ ಅದು ಕತ್ತರಿಸಿದ ಬಟ್ಟೆ ಇದ್ದ ಹಾಗೆ, ಮತ್ತೆ ಕೂಡುವುದಿಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಡಾಕ್ಟರಮ್ಮ ಸಿಗುವುದು ಮುಂದಿನ ವಾರ. ಅಲ್ಲಿಯವರೆಗೆ ಮಾತ್ರೆ ತಪ್ಪಿದರೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಸೊಸೆಗೆ ಭಯವಾಯಿತು. ಅವಳು ಊಟದ ಮೇಜಿನಲ್ಲಿ ಗಂಡಸರ ಮಾತಿಗೆ ಅಡ್ಡ ಬಾರದವಳೇನೂ ಅಲ್ಲ, ಆದರೆ ಮಾವನ ತೀರ್ಮಾನಕ್ಕೆ ಎದುರಾಡಿದ್ದು ಇಲ್ಲವೇ ಇಲ್ಲ.

"ಮಾವ," ಎಂದಳು. "ಟ್ರಯಲ್ ಆಗದೆ ಕೋಟು ಬಿಚ್ಚಿ ಹಾಕ್ತೀರಾ ನೀವು?"

"ಏನು?"

"ಮೊದಲ ಟ್ರಯಲ್‌ನಲ್ಲಿ ಎಲ್ಲ ಗಿರಾಕಿಗಳೂ ಗಾಬರಿ ಆಗ್ತಾರೆ. ಒಂದೇ ತೋಳು, ಮೈತುಂಬ ಬಿಳಿ ದಾರದ ಟಾಕು, ಕಾಲರೇ ಇಲ್ಲ. ಹಾಳಾಯ್ತು ನನ್ನ ಬಟ್ಟೆ ಅಂತ ಕೂಗಾಡ್ತಾರೆ. ಆಗ ನೀವೇನಂತೀರಿ?"

ಬಾಬಿನ್ ತಾತನ ದನಿಯಲ್ಲೇ ಉತ್ತರ ಕೊಟ್ಟಳು: "ಹೊಲಿದೋನು ನೋಡೋವರೆಗೂ ಬಾಯಿ ಮುಚ್ಕೊಂಡು ನಿಂತಿರಿ ಸ್ವಾಮಿ."

"ಹೊಲಿದೋರು ಡಾಕ್ಟರಮ್ಮ," ಎಂದಳು ಸೊಸೆ. "ಅವರು ನೋಡ್ಲಿ. ಅಲ್ಲೀವರೆಗೂ ಮಾತ್ರೆ ನುಂಗಿ. ಅವರೇ ಬೇಡ ಅಂದ್ರೆ ನಾನೇ ಡಬ್ಬಿ ಎತ್ತಿ ಎಸೀತೀನಿ. ಈ ಸಲ ನಾವೆಲ್ಲ ಬರ್ತೀವಿ."

"ಅಂಗಡಿ?"

"ಬಾಗಿಲು ಹಾಕೋದು."

ಹಬ್ಬಕ್ಕೂ ಸಾವಿಗೂ ಮುಚ್ಚದ ಅಂಗಡಿ ಅದು. ತಮ್ಮ ಮಾತಿನ ಕತ್ತರಿಗೆ ತಾವೇ ಸಿಕ್ಕಿಕೊಂಡ ಸಿಟ್ಟು ಮಾಸ್ಟರ ಮುಖದಲ್ಲಿತ್ತು. "ಉಪ್ಪು ಹೆಚ್ಚಾಗಿದೆ ಇವತ್ತು" ಎಂದು ಹೆಂಡತಿಯ ಮೇಲೆ ಹರಿಹಾಯ್ದು, ಉಳಿದದ್ದನ್ನೆಲ್ಲ ಉಂಡು ಎದ್ದರು. ಬೆಳಿಗ್ಗೆ ಮಾತ್ರೆ ನುಂಗಿದರು.

ಆ ವಾರ ಮನೆ ಮುಖ ಊದಿಸಿಕೊಂಡೇ ನಡೆಯಿತು. ಮಗ ಫೋನಿನಲ್ಲಿ ಒಂದು ಗೆರೆ ಎಳೆದುಕೊಂಡು, ಅದು ಹೇಗೆ ಏರಿದೆ ಎಂದು ಬಂದವರಿಗೆಲ್ಲ ತೋರಿಸಿದ. ಅತ್ತೆ ಮೊಟ್ಟೆ, ಹಾಲು, ಸೊಪ್ಪು ಎಂದು ಗಂಡನ ತಟ್ಟೆಗೆ ಸುರಿದರು. ಮಾಸ್ಟರು ಬೈಯುತ್ತಾ ತಿಂದರು, ತಿಂದು ಮತ್ತೆ ಕೇಳಿದರು. ಸೊಸೆ ಗುಂಡಿಗಳನ್ನು ಇನ್ನೊಮ್ಮೆ ಈಚೆಗೆ ತಂದಳು. ಒಗೆಯುವ ಬಟ್ಟೆ ಇತ್ತೀಚೆಗೆ ಕಡಿಮೆಯಾಗಿದೆ ಎಂದು ತಾರಸಿಯಲ್ಲಿ ನಿಂತಾಗ ಅವಳಿಗೆ ಅನ್ನಿಸಿತ್ತು. ತಲೆ ತುಂಬ ಒಂದು ಲಕ್ಷ ನಲವತ್ತು ಸಾವಿರ ತುಂಬಿಕೊಂಡಿದ್ದರಿಂದ ಅದಕ್ಕೆ ಗಮನ ಕೊಡಲಿಲ್ಲ.

ಡಾಕ್ಟರಮ್ಮನ ಕೋಣೆಯಲ್ಲಿ ಎರಡೇ ಕುರ್ಚಿ. ಮಾಸ್ಟರು, ಅತ್ತೆ ಕೂತರು. ಮಗ, ಸೊಸೆ, ಬಾಬಿನ್ ಗೋಡೆಗೆ ಒರಗಿ ನಿಂತರು. ಮಗ ವರದಿಯನ್ನು ಮೇಜಿನ ಮೇಲೆ ಹರಡಿ, ಫೋನಿನ ಗೆರೆಯನ್ನೂ ಪಕ್ಕಕ್ಕಿಟ್ಟ. ಡಾಕ್ಟರಮ್ಮ ವರದಿಯ ಮೇಲೆ ಕಣ್ಣಾಡಿಸಿ ಬದಿಗೆ ಸರಿಸಿದರು.

"ಮಂಚ ಹತ್ತಿ ಮಲಗಿ," ಎಂದರು ಮಾಸ್ಟರಿಗೆ.

ಕತ್ತನ್ನು ಎರಡೂ ಕೈಯಿಂದ ನಿಧಾನವಾಗಿ ಮುಟ್ಟಿದರು. ಕಂಕುಳು ನೋಡಿದರು. ಎಡ ಪಕ್ಕೆಲುಬಿನ ಕೆಳಗೆ ಬೆರಳು ಒತ್ತಿ, ಉಸಿರು ಎಳೆಯಿರಿ ಎಂದರು. ಆಮೇಲೆ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಪ್ರತಿ ಸಲವೂ ಏನೋ ಬರೆದುಕೊಂಡರು. ಅತ್ತೆಯ ತುಟಿ ಅಲುಗುತ್ತಿತ್ತು.

"ರಾತ್ರಿ ಬೆವರು ಹೇಗಿದೆ?"

"ಹಾಗೇ ಇದೆ," ಎಂದ ಮಗ.

"ಇಲ್ಲ," ಎಂದಳು ಸೊಸೆ. ಎಲ್ಲರೂ ಅವಳತ್ತ ನೋಡಿದರು. "ಹೊದಿಕೆ ಒದ್ದೆ ಆಗ್ತಿಲ್ಲ. ಸುಮಾರು ದಿನದಿಂದ ದಿನಾ ಒಗೆದಿಲ್ಲ ನಾನು." ಹೇಳುತ್ತಿದ್ದಂತೆ ಅವಳಿಗೇ ಆಶ್ಚರ್ಯವಾಯಿತು.

"ಊಟ?"

"ಎರಡನೇ ಸಲ ಬಡಿಸ್ಕೋತಾರೆ," ಎಂದರು ಅತ್ತೆ. "ಬೈಕೊಂಡು ಬಡಿಸ್ಕೋತಾರೆ."

"ಕೆಲಸ?"

ಮಗ ತಲೆ ಕೆರೆದುಕೊಂಡ. "ಈ ವಾರ ಸ್ಟೂಲು ಕೇಳಿಲ್ಲ. ಒಂದು ಪೂರ್ತಿ ಕೋಟು ನಿಂತೇ ಕತ್ತರಿಸಿದ್ರು."

"ಸರಿ. ಕಾಲರು ಸಡಿಲ ಆಗಿದ್ಯಾ?" ಡಾಕ್ಟರಮ್ಮ ಅಂಗಿಯ ಕತ್ತಿನ ಕಡೆ ಕೈ ತೋರಿದರು. "ಗಂಟು ಇರೋರಿಗೆ ಅದರಲ್ಲೇ ಗೊತ್ತಾಗ್ಬೇಕು. ನನ್ನ ಕೈಗೆ ಗಂಟು ಅರ್ಧಕ್ಕಿಂತ ಸಣ್ಣ ಆಗಿರೋ ಹಾಗಿದೆ, ಆದ್ರೆ ನೀವು ಬಂದಾಗ ಕಾಲರು ಮೊದಲಿನ ಹಾಗೇ ಬಿಗಿ ಇತ್ತು. ಇದೊಂದು ಅರ್ಥ ಆಗ್ಲಿಲ್ಲ."

ಸೊಸೆಯ ಮುಖ ಕೆಂಪಾಯಿತು. ಅತ್ತೆ ನೆಲ ನೋಡಿದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದು ಸಿಕ್ಕಿಬಿದ್ದ ಹಾಗಾಗಿತ್ತು ಇಬ್ಬರಿಗೂ.

"ಅದು ನಾನು," ಎಂದಳು ಸೊಸೆ. "ಮಾವ ಬಡವಾಗ್ತಿದಾರೆ ಅಂತ ಗುಂಡಿ ಈಚೆಗೆ ಹೊಲಿದೆ. ಅತ್ತೆಗೆ ಕಾಣದಿರ್ಲಿ ಅಂತ."

"ಈಚೆಗೆ ಹೊಲಿದೋಳು ನೀನಾ?" ಅತ್ತೆ ಗಕ್ಕನೆ ತಿರುಗಿದರು. "ಇವರೇ ಹಟಕ್ಕೆ ಹೊಲ್ಕೊಂಡ್ರು ಅಂತ ನಾನು ಆಚೆಗೆ ಸರಿಸ್ತಾ ಬಂದೆ. ಕಣ್ಣು ಕಾಣದಿದ್ರೂ ಕೂತು ಸರಿಸಿದೆ ಕಣೇ."

"ನೀವಾ ಅತ್ತೆ? ನಾನು ದಿನದಿಂದ ದಿನಕ್ಕೆ ಕತ್ತೇ ಸಣ್ಣ ಆಗ್ತಿದೆ ಅಂತ..."

ಬಾಬಿನ್ ಬಾಯಿಗೆ ಕೈ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು; ಅವಳ ಬೆನ್ನು ಕುಣಿಯುತ್ತಿತ್ತು. ಮಾಸ್ಟರು ಮತ್ತೆ ಮಂಚದ ಅಂಚಿಗೆ ಕೂತು, ಗುಂಡಿ ಹಾಕಿಕೊಳ್ಳುತ್ತಾ ನಿಧಾನವಾಗಿ ಹೇಳಿದರು:

"ನನಗೆ ಮೊದಲ ದಿನವೇ ಗೊತ್ತು. ಇವಳು ದಾರ ಅಡ್ಡಡ್ಡ ಹಾಕ್ತಾಳೆ, ಅವಳು ಉದ್ದುದ್ದ. ಹೆಂಡತಿ ಗಂಟು ಬೆಳೀತಿದೆ ಅಂತ ಸಡಿಲ ಮಾಡ್ತಾಳೆ, ಸೊಸೆ ಮುದುಕ ಒಣಗಿಹೋದ ಅಂತ ಬಿಗಿ ಮಾಡ್ತಾಳೆ. ಎರಡು ಕಡೆಯಿಂದಲೂ ನನ್ನ ಕಥೆ ಮುಗೀತು ಅಂತಲೇ ಆಯ್ತಲ್ಲ ಡಾಕ್ಟರಮ್ಮ. ಇನ್ನು ಮಾತ್ರೆ ಯಾಕೆ ಅಂದ್ಕೊಂಡೆ."

"ಕತ್ತು ನೀವೇ ಅಳೆದು ನೋಡ್ಬಹುದಿತ್ತಲ್ಲ? ಟೇಪು ಹೆಗಲ ಮೇಲೇ ಇದೆ."

ಮಾಸ್ಟರು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಊರಿನವರೆಲ್ಲರ ಕತ್ತು ಅಳೆದ ಮನುಷ್ಯ ಅವರು. "ಧೈರ್ಯ ಬರ್ಲಿಲ್ಲಮ್ಮ," ಎಂದರು. ಅವರಿಗೂ ಭಯವಿತ್ತೆಂದು ಸೊಸೆ ಎಣಿಸಿರಲಿಲ್ಲ.

ಡಾಕ್ಟರಮ್ಮ ಎದ್ದು ಬರುತ್ತಿದ್ದಂತೆ ಅತ್ತೆಯೇ ಗಂಡನ ಹೆಗಲಿನ ಟೇಪು ಎಳೆದು ಕತ್ತಿಗೆ ಸುತ್ತಿದರು. ಕನ್ನಡಕ ಮರೆತು ಬಂದಿದ್ದರಿಂದ ಅಂಕಿಯನ್ನು ಸೊಸೆ ಓದಿದಳು. ಕಾಯಿಲೆ ಏಳುವ ಮುಂಚೆ ಅವರ ಕತ್ತು ಎಷ್ಟಿತ್ತೋ ಅದಕ್ಕಿಂತ ಒಂದು ಕೂದಲು ಹೆಚ್ಚು, ಅಷ್ಟೇ. ತೂಕ ಎರಡು ಕೆಜಿ ಏರಿತ್ತು.

"ಮೈ ಇಳಿದಿಲ್ಲ. ಗಂಟು ಇಳಿದಿದೆ," ಎಂದರು ಡಾಕ್ಟರಮ್ಮ. "ಇನ್ನು ಆ ಅಂಕಿ. ಈ ಕೆಟ್ಟ ಕಣಗಳು ಗಂಟಿನಲ್ಲಿ ಗುಂಪು ಕಟ್ಕೊಂಡು ಕೂತಿರ್ತವೆ. ಈ ಮಾತ್ರೆ ಅವನ್ನ ಅಲ್ಲಿಂದ ಎಬ್ಬಿಸಿ ಆಚೆ ತಳ್ಳುತ್ತೆ. ಆಚೆ ಬಂದೋವು ಎಲ್ಲಿಗೆ ಹೋಗ್ಬೇಕು? ರಕ್ತಕ್ಕೇ ಬರ್ಬೇಕು. ಅದಕ್ಕೆ ಮೊದಮೊದಲು ರಕ್ತದಲ್ಲಿ ಲೆಕ್ಕ ಏರುತ್ತೆ. ಅಲ್ಲಿ ಬದುಕೋಕೆ ಆಗದೆ ಆಮೇಲೆ ನಿಧಾನಕ್ಕೆ ಸಾಯ್ತವೆ, ತಿಂಗಳುಗಟ್ಟಲೆ ಬೇಕು. ಗಂಟು ಕರಗ್ತಾ, ಮೈಯಲ್ಲಿ ರಕ್ತ ಹೆಚ್ಚಾಗ್ತಾ, ಲೆಕ್ಕ ಮಾತ್ರ ಏರಿದ್ರೆ ಮಾತ್ರೆ ಸೋತಿಲ್ಲ, ಕೆಲಸ ಮಾಡ್ತಿದೆ ಅಂತ. ಇದನ್ನೆಲ್ಲ ಮೊದಲ ದಿನವೇ ಹೇಳಿದ್ನಲ್ಲ. ನೀವು ತಲೆ ಬೇರೆ ಆಡಿಸಿದ್ರಿ."

ಮಾಸ್ಟರು ಮಗನನ್ನು ನೋಡಿದರು. ಮಗ ಕಿಟಕಿಯ ಆಚೆ ಗಾಡಿ ನೋಡಿದ.

"ನಾನು ನಿಮ್ಮ ಕೋಟಿನ ತೋಳು ನೋಡ್ತಾ ಇದ್ದೆ," ಎಂದರು ಮಾಸ್ಟರು. "ತಪ್ಪಾಯ್ತು."

ಡಾಕ್ಟರಮ್ಮ ತಮ್ಮ ಎಡಭುಜ ನೋಡಿಕೊಂಡರು. ಕೈ ಎತ್ತಿದರು, ಇಡೀ ಕೋಟು ಮೇಲೆ ಬಂತು. "ಇದಕ್ಕೇನಾ ನನಗೆ ಸಂಜೆ ಹೊತ್ತಿಗೆ ಹೆಗಲು ನೋಯೋದು?" ಎಂದು ನಗತೊಡಗಿದರು. ಆಗ ಬಾಬಿನ್ ತಡೆದುಕೊಂಡಿದ್ದ ನಗು ಹೊರಬಿತ್ತು. ಅತ್ತೆ ನಗುತ್ತಾ ಕಣ್ಣೊರೆಸಿಕೊಂಡರು. ಸೊಸೆಗೆ ಎಷ್ಟೋ ವಾರದ ಮೇಲೆ ಎದೆ ಹಗುರವಾಯಿತು. ಅಲ್ಲೇ ಗೋಡೆಗೆ ಒರಗಿ ಜೋರಾಗಿ ಉಸಿರು ಬಿಟ್ಟಳು.

ಮಗ ಮಾತ್ರ ಪಟ್ಟು ಬಿಡಲಿಲ್ಲ. "ಅದೆಲ್ಲ ಸರಿ ಮೇಡಂ. ಸೊನ್ನೆ ಯಾವಾಗ ಆಗುತ್ತೆ?"

"ಆಗದೆಯೂ ಇರಬಹುದು."

"ಹಾಗಂದ್ರೆ?"

"ಹತ್ತು ಸಾವಿರದಲ್ಲಿ ಒಂದು ಕಣ ಅಡಗಿದ್ರೂ ಹುಡುಕೋ ಪರೀಕ್ಷೆ ಇದೆ. ಕೆಲವರಿಗೆ, ಕೆಲವು ಔಷಧಿಗೆ ಅದು ಬೇಕು. ನಿಮ್ಮ ತಂದೆಗೆ ಈ ಮಾತ್ರೆಯಲ್ಲಿ ನಾನು ಅದರ ಹಿಂದೆ ಬೀಳಲ್ಲ. ಇದನ್ನ ಬೇರುಸಮೇತ ಕೀಳ್ತೀನಿ ಅಂತ ಮಾತು ಕೊಡೋಕೂ ಆಗಲ್ಲ. ಸುಮ್ನೆ ಕೂರಿಸ್ತೀನಿ, ಬಹಳ ವರ್ಷ ಕೂರಿಸೋಕೆ ನೋಡ್ತೀನಿ." ಅವರು ಮಾಸ್ಟರ ಕಡೆ ತಿರುಗಿದರು. "ನಿಮಗೆ ಏನು ಬೇಕು? ಈ ಮಾತ್ರೆಯಿಂದ ಏನಾದ್ರೆ ಸಾಕು ಅನ್ಸುತ್ತೆ?"

ಇದನ್ನು ಈವರೆಗೆ ಯಾರೂ ಅವರನ್ನು ಕೇಳಿರಲಿಲ್ಲ. ಮನೆಯವರಂತೂ ಕೇಳಿರಲೇ ಇಲ್ಲ.

"ನಿಂತು ಬಟ್ಟೆ ಕತ್ತರಿಸಬೇಕು," ಎಂದರು ಮಾಸ್ಟರು. "ಕೂತು ಕತ್ತರಿಸಿದ್ರೆ ಗೆರೆ ಸೊಟ್ಟ ಬರುತ್ತೆ."

"ನನಗೆ ರಾತ್ರಿ ಎದ್ದು ಇವರ ಮೈ ಒರೆಸೋದು ತಪ್ಪಿದ್ರೆ ಸಾಕು," ಎಂದರು ಅತ್ತೆ.

"ಅವೆರಡೂ ಆಗಲೇ ಆಗಿವೆಯಲ್ಲ," ಎಂದರು ಡಾಕ್ಟರಮ್ಮ. "ಇನ್ನು ಅದನ್ನ ಉಳಿಸ್ಕೊಳ್ಳೋದು. ಮಾತ್ರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸ್ಬೇಡಿ, ಗಂಟು ವಾಪಸ್ ಎದ್ದುಬಿಡ್ತವೆ. ಈ ಮಾತ್ರೆ ನುಂಗೋವಾಗ ಗಾಯ ಆದ್ರೆ ರಕ್ತ ಬೇಗ ನಿಲ್ಲಲ್ಲ. ಹಲ್ಲು ಕೀಳಿಸೋದಿದ್ರೆ ಮೊದಲು ನನಗೆ ಹೇಳಿ. ಸೂಜಿ ಕೆಲಸ ಮಾಡುವಾಗ ಬೆರಳಿಗೆ ಟೋಪಿ ಹಾಕಿ."

ಬೆರಳಿನ ಟೋಪಿ ಎಂದ ತಕ್ಷಣ ಮಾಸ್ಟರ ಮುಖ ಗಂಟಾಯಿತು. ಅದನ್ನು ಕಲಿಯುವ ಹುಡುಗರು ಹಾಕುತ್ತಾರೆಯೇ ಹೊರತು ಮಾಸ್ಟರುಗಳಲ್ಲ ಎಂದು ಮನೆಗೆ ಬರುವವರೆಗೂ ವಾದಿಸಿದರು. ಅತ್ತೆ ದಾರಿಯಲ್ಲಿ ಗಾಡಿ ನಿಲ್ಲಿಸಿ ಒಂದಲ್ಲ, ಎರಡು ಕೊಂಡರು. ಡಾಕ್ಟರಮ್ಮನ ಕೋಟು ಮರುದಿನವೇ ಅಂಗಡಿಗೆ ಬಂತು, ತೋಳು ಸರಿಹೋಗಿ ವಾಪಸೂ ಹೋಯಿತು.

ಮುಂದಿನ ತಿಂಗಳೂ ಅಂಕಿ ಹೆಚ್ಚೇನೂ ಇಳಿಯಲಿಲ್ಲ. ಈ ಸಲ ಮನೆಯಲ್ಲಿ ಯಾರ ಕೈಯೂ ತಟ್ಟೆಯಲ್ಲಿ ನಿಲ್ಲಲಿಲ್ಲ. "ಕಳ್ಳರು ಬೀದಿಗೆ ಬಿದ್ದಿದಾರೆ, ಓಡಾಡ್ಲಿ ಬಿಡು" ಎಂದರು ಅತ್ತೆ. ಅದರ ಮುಂದಿನ ತಿಂಗಳು ಎಂಬತ್ತಕ್ಕೆ ಬಂತು, ಆಮೇಲೆ ಐವತ್ತಕ್ಕೆ. ಮಗ ಫೋನಿನಲ್ಲಿ ಗೆರೆ ಎಳೆಯುತ್ತಲೇ ಇದ್ದಾನೆ; ಸೊನ್ನೆಯ ಆಸೆ ಅವನಿಗೆ ಪೂರ್ತಿ ಬಿಟ್ಟಿಲ್ಲ. ಮಾಸ್ಟರ ಮೊಣಕೈ ಮೇಲೆ ಆಗಾಗ ನೀಲಿ ಕಲೆ ಏಳುತ್ತದೆ, ಒಂದೆರಡು ದಿನ ಹೊಟ್ಟೆ ಕೆಡುತ್ತದೆ. ಬೆರಳಿನ ಟೋಪಿಯನ್ನು ಗಿರಾಕಿಗಳು ಬಂದಾಗ ಜೇಬಿಗೆ ಹಾಕಿಕೊಳ್ಳುತ್ತಾರೆ. ಅತ್ತೆ ಮೇಲಿನಿಂದ ಇಣುಕಿ, "ಟೋಪಿ ಎಲ್ರೀ?" ಎಂದು ಬೀದಿಗೆಲ್ಲ ಕೇಳುವಂತೆ ಕೇಳುತ್ತಾರೆ. ಜಗಳ ಮೊದಲಿನಂತೆ ಜೋರಾಗಿದೆ.

ಶಾಲೆ ಶುರುವಾಗುವ ದಿನಗಳು ಬಂದವು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ; ಎಲ್ಲಿ ನೋಡಿದರೂ ನೀಲಿ ಬಟ್ಟೆ, ಬಿಳಿ ಬಟ್ಟೆ. ಒಬ್ಬ ತಾಯಿ ಆರೇಳು ವರ್ಷದ ಮಗನನ್ನು ಕೈಹಿಡಿದು ತಂದು ಮೇಜಿನ ಮುಂದೆ ನಿಲ್ಲಿಸಿದಳು. ಹುಡುಗ ಒಂದು ಕಡೆ ನಿಲ್ಲುವ ಕುಳವಲ್ಲ.

"ಎರಡು ಪ್ಯಾಂಟು, ಮಾಸ್ಟ್ರೇ. ಸ್ವಲ್ಪ ದೊಡ್ಡದಾಗೇ ಹೊಲೀರಿ. ಇವನು ಬಳ್ಳಿ ಥರ ಬೆಳೀತಾನೆ, ಪ್ರತಿ ವರ್ಷ ಹೊಸದು ತರೋಕೆ ಆಗಲ್ಲ."

"ದೊಡ್ಡದು ಹೊಲಿದ್ರೆ ಚೀಲದ ಥರ ಕಾಣುತ್ತೆ," ಎಂದರು ಮಾಸ್ಟರು, ಹುಡುಗನ ಸೊಂಟಕ್ಕೆ ಟೇಪು ಸುತ್ತುತ್ತಾ. "ಅಳತೆಗೆ ಸರಿಯಾಗೇ ಹೊಲೀತೀನಿ. ಕೆಳಗೆ ಮಡಿಕೆಯಲ್ಲಿ ಬಟ್ಟೆ ಬಿಟ್ಟಿರ್ತೀನಿ. ಬೆಳೆದ ಹಾಗೆ ತಗೊಂಡು ಬನ್ನಿ, ನಾನೇ ಬಿಚ್ಚಿ ಉದ್ದ ಮಾಡಿ ಕೊಡ್ತೀನಿ."

ಕಾಜಾ ಹಾಕುತ್ತಿದ್ದ ಸೊಸೆಯ ಸೂಜಿ ನಿಂತಿತು. ಹೋದ ವರ್ಷ ಇದೇ ದಿನಗಳಲ್ಲಿ, ಗಂಟು ಎದ್ದ ಹೊಸದರಲ್ಲಿ, ಇದೇ ಮೇಜಿನ ಮುಂದೆ ಬಂದ ಪ್ರತಿಯೊಬ್ಬ ತಾಯಿಗೂ ಮಾವ, "ಬೆಳೆದ ಮೇಲೆ ತನ್ನಿ, ನನ್ನ ಮಗ ಬಿಚ್ಚಿ ಕೊಡ್ತಾನೆ" ಎನ್ನುತ್ತಿದ್ದರು. ಎಷ್ಟೋ ಸಲ ಹೇಳಿದ್ದರು. ಪ್ರತಿ ಸಲವೂ ಅವಳು ತಲೆ ತಗ್ಗಿಸಿ ಗುಂಡಿ ಹೊಲಿದಿದ್ದಳು. ಈಗ ಅವಳಿಗೆ ಆದ ಸಂತೋಷ ಎಷ್ಟೆಂದರೆ, ಎದ್ದು ಮೆಟ್ಟಿಲು ಹತ್ತಿ ಅತ್ತೆಗೆ ಹೇಳಿ ಬರೋಣ ಅನ್ನಿಸಿತು. ಆದರೆ ಕೈಯಲ್ಲಿ ಕೆಲಸವಿತ್ತು.

ಬಟ್ಟೆ ಕತ್ತರಿಸಿ, ಮಗನ ಮಿಷನ್ನು ದಾಟಿ, ಮೊದಲ ಪ್ಯಾಂಟು ಸಂಜೆಗೆ ಅವಳ ಮಡಿಲಿಗೆ ಬಂತು. ಮಾವ ಇನ್ನೂ ಮೇಜಿನ ಮುಂದೆ ನಿಂತೇ ಇದ್ದರು.

"ಮಡಿಕೆಗೆ ಎಷ್ಟು ಬಿಡ್ಲಿ, ಮಾವ?"

ಮಾಸ್ಟರು ಕತ್ತರಿ ನಿಲ್ಲಿಸಿ, ಆ ಹುಡುಗ ಎದುರಿಗೇ ಇದ್ದಾನೇನೋ ಎಂಬಂತೆ ನೆಲದಿಂದ ಮೇಲಕ್ಕೆ ಅಳತೆಯ ಕಣ್ಣು ಹಾಯಿಸಿದರು. "ಉದ್ದ ಆಗೋ ಪೈಕಿ ಅವನು. ಮೂರು ಸಲ ಬಿಚ್ಚೋಷ್ಟು ಬಿಡಮ್ಮ," ಎಂದು ಮತ್ತೆ ಬಗ್ಗಿದರು.

ಸೊಸೆ ನಾಲ್ಕು ಬೆರಳಗಲ ಮಡಿಸಿದಳು. ಸ್ವಲ್ಪ ಯೋಚಿಸಿ, ಇನ್ನೊಂದು ಬೆರಳು ಸೇರಿಸಿ ಹೊಲಿಗೆ ಹಾಕಿದಳು.